ಪೋರ್ಟ್‌ಲ್ಯಾಂಡ್‌ನ ಪಾತ್ರೆ, ಮೈಸೂರಿನ ನೋಟ್‌ಬುಕ್: ಒಂದು ಐಪಿಎ ರೆಸಿಪಿ ತಿದ್ದಿದ ಬಗೆ

ಸರಸ್ವತಿಪುರಂನ ನಮ್ಮ ಮನೆಯಲ್ಲಿ ಉದ್ದನೆಯ ಒಂದು ನೋಟ್‌ಬುಕ್ ಇದೆ. ಮೊದಲ ಅರ್ಧದಲ್ಲಿ ಸಾರಿನಪುಡಿ, ಉಪ್ಪಿನಕಾಯಿ, ಸಂಡಿಗೆಯ ಅಳತೆಗಳಿವೆ. ಅಲ್ಲಿಂದ ಮುಂದಕ್ಕೆ ಬಿಯರ್. ಅಕ್ಕನ ಮಗ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾನೆ. ಮನೆಯಲ್ಲೇ ಬಿಯರ್ ಮಾಡುವುದು ಅವನ ಹವ್ಯಾಸ. ನಾನು ಮೈಸೂರಿನ ಒಂದು ಆಹಾರ ಪ್ರಯೋಗಾಲಯದಲ್ಲಿ ಇಡೀ ವೃತ್ತಿ ಕಳೆದವಳು. ಭಾನುವಾರ ಬೆಳಗ್ಗೆ ಎಂಟಕ್ಕೆ ಅವನ ಫೋನ್ ಬರುತ್ತದೆ. ಅಲ್ಲಿ ಆಗ ಶನಿವಾರ ಸಂಜೆ. ಅವನು ಪಾತ್ರೆ ಮುಂದೆ, ನಾನು ಕಾಫಿ ಮುಂದೆ. ಹೀಗೆ ಒಂದೂವರೆ ವರ್ಷ ಕೂತು ಐಪಿಎ ಎಂಬ ಬಿಯರಿನ ಒಂದೇ ಒಂದು ರೆಸಿಪಿಯನ್ನು ಐದು ಸಲ ತಿದ್ದಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಓದಿ ಮೈಸೂರಿನಲ್ಲಿ ಮನೆಯಲ್ಲಿ ಮಾಡಲು ಹೊರಡಬೇಡಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಬಳಕೆಯ ಬಿಯರ್‌ಗೆ ತೆರಿಗೆ ತೆಗೆದರು. ಅಲ್ಲಿಂದ ಅದು ಅಲ್ಲಿ ತೆರೆದ ಹವ್ಯಾಸ. ಮಾಡಿದ್ದನ್ನು ಮಾರುವ ಹಾಗಿಲ್ಲ, ಅಷ್ಟೇ. ಆದರೆ ರೆಸಿಪಿ ಹೇಗೆ ತಿದ್ದಬೇಕು ಅನ್ನುವುದು ಬಿಯರ್‌ಗೆ ಮಾತ್ರ ಸೇರಿದ ವಿಷಯವಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಐಪಿಎ ಕುಡಿದು "ಇದ್ಯಾಕೆ ಇಷ್ಟು ಕಹಿ" ಅಂದುಕೊಂಡವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಬಿಯರ್‌ನಲ್ಲಿ ಇರುವುದು ನಾಲ್ಕೇ ವಸ್ತು. ಮಾಲ್ಟ್, ನೀರು, ಹಾಪ್ಸ್, ಯೀಸ್ಟ್. ಮಾಲ್ಟ್ ನಮಗೆ ಹೊಸದಲ್ಲ. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಗುವಿಗೆ ಗಂಜಿ ಕಾಯಿಸುತ್ತೇವಲ್ಲ, ಅದೇ ಕೆಲಸವನ್ನು ಬಾರ್ಲಿಗೆ ಮಾಡಿದರೆ ಬಿಯರ್‌ನ ಮಾಲ್ಟ್. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತದೆ. ರಾಗಿ ಮಾಲ್ಟ್ ಗಂಜಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುವುದು ಇದರಿಂದಲೇ. ಹಾಪ್ಸ್ ಅನ್ನುವುದು ಒಂದು ಬಳ್ಳಿಯ ಹೂ. ಕಹಿಯೂ ಅದರದ್ದೇ, ಪರಿಮಳವೂ ಅದರದ್ದೇ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಈ ಹೂವನ್ನು ಮುಂದೆ ನಿಲ್ಲಿಸುವ ಬಿಯರ್.

ಹೆಸರಿನಲ್ಲಿ ಇಂಡಿಯಾ ಇದೆ, ಆದರೆ ಇದು ಇಲ್ಲಿ ಹುಟ್ಟಿದ್ದಲ್ಲ. ಹದಿನೆಂಟನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಬ್ರೂವರಿಯ ಜಾರ್ಜ್ ಹಾಡ್ಜ್‌ಸನ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಮೂಲಕ ಇಲ್ಲಿನ ಇಂಗ್ಲಿಷರಿಗೆ ಬಿಯರ್ ಕಳಿಸುತ್ತಿದ್ದ. 1820ರ ದಶಕದಲ್ಲಿ ಬರ್ಟನ್ ಊರಿನ ಬ್ರೂವರಿಗಳು ಆ ವ್ಯಾಪಾರಕ್ಕೆ ಇಳಿದವು. ಸಮುದ್ರಯಾನದಲ್ಲಿ ಕೆಡದಿರಲಿ ಅಂತಲೇ ಈ ಬಿಯರ್ ಕಂಡುಹಿಡಿದರು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಅದೇ ಹಡಗುಗಳಲ್ಲಿ ಕಪ್ಪು ಪೋರ್ಟರ್ ಬಿಯರ್ ಕೂಡ ಚೆನ್ನಾಗಿಯೇ ಬಂದು ಸೇರುತ್ತಿತ್ತು. ಈಗ ಐಪಿಎ ಅಂದರೆ ಮನಸ್ಸಿಗೆ ಬರುವ ಹಣ್ಣಿನ ಪರಿಮಳ ಮಾತ್ರ ಅಮೆರಿಕದ್ದು. ಆರೆಗಾನ್ ರಾಜ್ಯದಲ್ಲಿ ತಳಿ ಮಾಡಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಹಾಪ್ಸ್‌ನಿಂದ ಅದು ಶುರುವಾಯಿತು. ಪೋರ್ಟ್‌ಲ್ಯಾಂಡ್ ಇರುವುದು ಅದೇ ರಾಜ್ಯದಲ್ಲಿ.

ಮೊದಲ ಲೋಟ

ಮೊದಲ ಬಿಯರ್ ರುಚಿ ನೋಡಿದಾಗ ನಾನು ಪೋರ್ಟ್‌ಲ್ಯಾಂಡ್‌ನಲ್ಲೇ ಇದ್ದೆ. ಆಗಸ್ಟ್ ತಿಂಗಳು, ಸೆಖೆ. ಅವನು ಹೆಮ್ಮೆಯಿಂದ ಲೋಟ ಕೊಟ್ಟ. ನಾನು ಕುಡಿಯುವ ಮೊದಲು ಮೂಸಿದೆ. ವೃತ್ತಿಯ ಅಭ್ಯಾಸ ಅದು. ಮೊದಲು ಬಂದದ್ದು ಬಾಳೆಹಣ್ಣು. ನಂಜನಗೂಡು ರಸಬಾಳೆ ಹಣ್ಣಾಗಿ ಒಂದು ದಿನ ಜಾಸ್ತಿಯಾದರೆ ಬರುತ್ತದಲ್ಲ, ಆ ತರಹ. ಅದರ ಹಿಂದೆ ಗಾಯಕ್ಕೆ ಅಂಟಿಸುವ ಪಟ್ಟಿಯ ವಾಸನೆ. ಬಾಯಲ್ಲಿ ಸಿಹಿ, ಅಂಟು, ಆಮೇಲೆ ಗಂಟಲಿಗೆ ಒರಟು ಕಹಿ. ಹಾಪ್ಸ್ ಪರಿಮಳ ಎಲ್ಲೂ ಇರಲಿಲ್ಲ.

ಅವನ ರೆಸಿಪಿ ಹೀಗಿತ್ತು. 19 ಲೀಟರ್ ಬಿಯರ್‌ಗೆ 5.2 ಕಿಲೋ ಸಾದಾ ಪೇಲ್ ಮಾಲ್ಟ್, 0.8 ಕಿಲೋ ಕ್ರಿಸ್ಟಲ್ ಮಾಲ್ಟ್. ಮಾಲ್ಟನ್ನು 69 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಸಿದ್ದ. ಬಸಿದ ಸಿಹಿ ನೀರನ್ನು ಒಂದು ಗಂಟೆ ಕುದಿಸುತ್ತಾ ಐದು ಸಲ, ತಲಾ 28 ಗ್ರಾಂ ಹಾಪ್ಸ್ ಹಾಕಿದ್ದ. ಕೊನೆಗೆ ಹುದುಗು ಮುಗಿದ ಮೇಲೆ ಇನ್ನೊಂದು 28 ಗ್ರಾಂ, ಹದಿನಾಲ್ಕು ದಿನ. ಲೋಟ ಕೆಳಗಿಟ್ಟ ತಕ್ಷಣ ಅವನು ಹೇಳಿದ್ದು, "ಮುಂದಿನ ಸಲ ಹಾಪ್ಸ್ ಡಬಲ್ ಮಾಡ್ತೀನಿ ಚಿಕ್ಕಮ್ಮ."

ನಾನು ಬೇಡ ಅಂದೆ. ಐಪಿಎ ಮಾಡುವ ಮುಕ್ಕಾಲು ಜನ ಎಡವುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಪರಿಮಳ ಇಲ್ಲ ಅಂದರೆ ಪರಿಮಳದ ವಸ್ತು ಕಡಿಮೆ ಅಂತ ತಿಳಿಯುತ್ತಾರೆ. ಹಾಕಿದ್ದು ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಹುಳಿಯಲ್ಲಿ ಬೇಳೆಯೇ ಬೆಂದಿಲ್ಲದಿದ್ದರೆ ಒಗ್ಗರಣೆ ಜಾಸ್ತಿ ಹಾಕಿ ಏನು ಪ್ರಯೋಜನ? ಮಿಕ್ಕದ್ದನ್ನೆಲ್ಲ ಮುಚ್ಚಿಹಾಕುವ ದೋಷ ಯಾವುದೋ ಅದನ್ನು ಮೊದಲು ತೆಗೆಯಬೇಕು. ಅದಾದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಹಾಪ್ಸ್ ಮುಟ್ಟುವ ಸರದಿ ನಾಲ್ಕನೆಯದರಲ್ಲಿ ಬಂತು.

ಯೀಸ್ಟ್‌ಗೆ ತಂಪು ಬೇಕು

ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರ್‌ನದು. ನಿಜವಾದ ಬಾಳೆಹಣ್ಣಿನಲ್ಲೂ ಇರುವುದು ಅದೇ. ಯೀಸ್ಟ್ ಸೆಖೆಯಲ್ಲಿ ಅವಸರವಾಗಿ ಬೆಳೆದರೆ ಇದನ್ನು ಜಾಸ್ತಿ ಬಿಡುತ್ತದೆ. ಜೊತೆಗೆ ಗಂಟಲು ಸುಡುವ ಭಾರದ ಆಲ್ಕೋಹಾಲ್‌ಗಳನ್ನೂ ಬಿಡುತ್ತದೆ. ಏಪ್ರಿಲ್‌ನಲ್ಲಿ ಇಡ್ಲಿ ಹಿಟ್ಟು ಆರು ಗಂಟೆಯಲ್ಲಿ ಉಕ್ಕಿ ಹುಳಿ ಹೊಡೆಯುತ್ತದೆ, ಡಿಸೆಂಬರ್‌ನಲ್ಲಿ ಬೆಳಗಿನವರೆಗೆ ಕಾದರೂ ಏಳುವುದಿಲ್ಲ. ಹಿಟ್ಟು ಅದೇ, ರುಚಿ ಬೇರೆ. ಯೀಸ್ಟಿನ ಕಥೆಯೂ ಇಷ್ಟೇ.

ಅವನ ಪಾತ್ರೆ ಇದ್ದದ್ದು ಬಟ್ಟೆಯ ಕಪಾಟಿನಲ್ಲಿ. ಕೋಣೆ 26 ಡಿಗ್ರಿ. ಹುದುಗುವಾಗ ಯೀಸ್ಟೇ ಶಾಖ ಹುಟ್ಟಿಸುತ್ತದೆ, ಹಾಗಾಗಿ ಒಳಗಿನ ಬಿಯರ್ 29 ಮುಟ್ಟಿತ್ತು. ಅವನು ಬಳಸುವ ಅಮೆರಿಕನ್ ಏಲ್ ಯೀಸ್ಟ್‌ಗೆ ಬೇಕಾದದ್ದು 18ರಿಂದ 20. ಫ್ರಿಜ್ ಕೊಳ್ಳಲು ಹೊರಟಿದ್ದ. ಅದು ಬೇಕಾಗಲಿಲ್ಲ. ಬೇಸಿಗೆಯಲ್ಲಿ ನಾವು ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತೇವಲ್ಲ, ಅದನ್ನೇ ಮಾಡಿಸಿದೆ. ದೊಡ್ಡ ಟಬ್ಬಿನಲ್ಲಿ ನೀರು, ಅದರೊಳಗೆ ಪಾತ್ರೆ, ಮೇಲೆ ಒದ್ದೆ ಟವೆಲ್, ಬೆಳಗ್ಗೆ ಸಂಜೆ ಒಂದೊಂದು ಐಸ್ ಬಾಟಲಿ. ಮೊದಲ ನಾಲ್ಕು ದಿನ 19 ಡಿಗ್ರಿ ದಾಟಲಿಲ್ಲ. ಇಂಥ ವಾಸನೆಗಳು ಬಹುಪಾಲು ಹುಟ್ಟುವುದು ಆ ನಾಲ್ಕು ದಿನದಲ್ಲೇ. ಆಮೇಲೆ 21ಕ್ಕೆ ಏರಲು ಬಿಟ್ಟೆವು, ಯೀಸ್ಟ್ ತಾನು ಮಾಡಿದ್ದನ್ನು ತಾನೇ ಸ್ವಚ್ಛ ಮಾಡಿಕೊಳ್ಳಲಿ ಅಂತ.

ಯೀಸ್ಟ್ ಪ್ರಮಾಣವೂ ಕಡಿಮೆಯಾಗಿತ್ತು. ಈ ಗಾತ್ರದ, ಈ ಸಾಂದ್ರತೆಯ ಬಿಯರ್‌ಗೆ ಸುಮಾರು 200 ಬಿಲಿಯನ್ ಜೀವಂತ ಕೋಶಗಳು ಬೇಕು. ಅವನು ಹಾಕಿದ್ದ ದ್ರವ ಯೀಸ್ಟಿನ ಪೊಟ್ಟಣ ಹೊಸದಾಗಿದ್ದರೂ 100 ಬಿಲಿಯನ್. ಹತ್ತು ಜನರ ಕೆಲಸಕ್ಕೆ ಐದು ಜನ ಹಚ್ಚಿದ ಹಾಗೆ. ಎರಡು ಪೊಟ್ಟಣ ಹಾಕಿದ.

ಅಂಟುಪಟ್ಟಿಯ ವಾಸನೆ ಬಂದದ್ದು ನೀರಿನಿಂದ. ಪೋರ್ಟ್‌ಲ್ಯಾಂಡ್‌ನ ನಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ. ಅದು ಮಾಲ್ಟಿನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಮೂಗು ಇದನ್ನು ತೀರಾ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಕುದಿಸಿದರೆ ಕ್ಲೋರಿನ್ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನ ಒಂದು ಮಾತ್ರೆ ಸುಮಾರು 75 ಲೀಟರ್‌ಗೆ ಸಾಕು. ಅವನಿಗೆ ಬೇಕಾದ 28 ಲೀಟರ್‌ಗೆ ಅರ್ಧ ಮಾತ್ರೆ ಧಾರಾಳ.

ಇಲ್ಲಿ ಯೀಸ್ಟನ್ನೂ ನೀರನ್ನೂ ಒಟ್ಟಿಗೆ ಬದಲಿಸಿದೆವು. ಒಂದು ಸಲಕ್ಕೆ ಒಂದೇ ಅನ್ನುವ ನಿಯಮ ಮುರಿದ ಹಾಗಲ್ವಾ? ಹೌದು, ಆದರೆ ಬೇಕೆಂದೇ ಮುರಿದೆವು. ಎರಡೂ ದೋಷಕ್ಕೆ ಅದರದ್ದೇ ವಾಸನೆ ಇದೆ. ಒಂದು ಹೋಗಿ ಇನ್ನೊಂದು ಉಳಿದರೆ ಗೊತ್ತಾಗುತ್ತದೆ. ಒಂದೇ ಗುಣದ ಮೇಲೆ ಎರಡು ಬದಲಾವಣೆ ಕೆಲಸ ಮಾಡುವಾಗ ಮಾತ್ರ ಅವನ್ನು ಬೇರೆ ಬೇರೆ ಇಡಲೇಬೇಕು.

ಎರಡನೇ ಬಿಯರ್ ಆಗುವ ಹೊತ್ತಿಗೆ ನಾನು ಮೈಸೂರಿಗೆ ಬಂದಿದ್ದೆ. ಇನ್ನು ಮುಂದೆ ಅವನ ನಾಲಿಗೆಯೇ ನನ್ನ ನಾಲಿಗೆ. ಅದಕ್ಕೆ ಒಂದು ಭಾಷೆ ಬೇಕಾಯಿತು. ಬಿಯರ್ ಪುಸ್ತಕದ ಶಬ್ದಗಳು ಬೇಡ, ನೀನು ಚಿಕ್ಕಂದಿನಿಂದ ತಿಂದದ್ದರ ಹೆಸರು ಹೇಳು ಅಂದೆ. ಗ್ರೇಪ್‌ಫ್ರೂಟ್ ಅನ್ನುವ ಕಡೆ ಅವನು ಚಕ್ಕೋತದ ಸಿಪ್ಪೆ ಅನ್ನತೊಡಗಿದ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಬೆರೆತು, ಹಾಗಾಗಿ ಇದು ಸರಿಯಾದ ಹೆಸರೇ. ಎರಡನೇ ಬಿಯರ್ ಬಗ್ಗೆ ಅವನು ಹೇಳಿದ್ದು ಹೀಗೆ: "ಬಾಳೆಹಣ್ಣು ಇಲ್ಲ. ಪಟ್ಟಿ ಇಲ್ಲ. ಕಾಯಿಸಿದ ಬೆಲ್ಲ ಇದೆ. ಕಹಿ ಹಾಗೇ ಇದೆ."

ಬೆಲ್ಲದ ಲೆಕ್ಕ

ಆ ಬೆಲ್ಲದ ರುಚಿ ಕ್ರಿಸ್ಟಲ್ ಮಾಲ್ಟಿನದು. ಅದನ್ನು ಮಾಡುವಾಗಲೇ ಒಳಗಿನ ಸಕ್ಕರೆ ಕ್ಯಾರಮೆಲ್ ಆಗಿರುತ್ತದೆ. ಆ ಸಕ್ಕರೆಯಲ್ಲಿ ಒಂದು ಪಾಲನ್ನು ಯೀಸ್ಟ್ ತಿನ್ನಲಾರದು. ಕೆಂಪು ಏಲ್‌ಗೆ ಅದು ಚೆಂದ. ಐಪಿಎಗೆ 0.8 ಕಿಲೋ ಅಂದರೆ ಹೂವಿನ ಪರಿಮಳದ ಮೇಲೆ ಪಾಕ ಸುರಿದ ಹಾಗೆ. ಕೆಲವರು ಇದಕ್ಕೆ ಒಪ್ಪುವುದಿಲ್ಲ, ಇಂಗ್ಲಿಷ್ ಶೈಲಿಯ ಐಪಿಎಗೆ ಕ್ಯಾರಮೆಲ್ ಬೇಕೇ ಬೇಕು ಅನ್ನುತ್ತಾರೆ. ಆ ಶೈಲಿಗೆ ಅದು ನಿಜ. ನಮಗೆ ಬೇಕಾದದ್ದು ಚಕ್ಕೋತ, ಮಾವು. ಅದಕ್ಕೆ ತೆಳು ಬಣ್ಣದ ಕ್ರಿಸ್ಟಲ್ 0.2 ಕಿಲೋ ಮಾತ್ರ ಇಟ್ಟು ಉಳಿದದ್ದು ತೆಗೆದೆವು. ಪೇಲ್ ಮಾಲ್ಟ್ 5 ಕಿಲೋ.

ಎರಡನೆಯದು ನೆನೆಸುವ ಶಾಖ. ಮಾಲ್ಟಿನಲ್ಲಿ ಎರಡು ಅಮೈಲೇಸ್ ಇವೆ. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿಯಲ್ಲಿ ಚುರುಕು. ಅದು ಹಿಟ್ಟಿನ ಸರಪಳಿಯ ತುದಿಯಿಂದ ಯೀಸ್ಟ್ ತಿನ್ನಬಲ್ಲ ಸಣ್ಣ ಸಕ್ಕರೆಯನ್ನು ಕತ್ತರಿಸುತ್ತಾ ಬರುತ್ತದೆ. ಆಲ್ಫಾ ಅಮೈಲೇಸ್ 70ರ ಹತ್ತಿರ ಚುರುಕು. ಅದು ಸರಪಳಿಯನ್ನು ನಡುವೆ ಎಲ್ಲೆಂದರಲ್ಲಿ ತುಂಡು ಮಾಡುತ್ತದೆ. ಅದರಲ್ಲಿ ಯೀಸ್ಟ್‌ಗೆ ಬೇಡವಾದ ದೊಡ್ಡ ತುಂಡುಗಳು ಉಳಿಯುತ್ತವೆ. 69ರಲ್ಲಿ ನೆನೆಸಿದ್ದರಿಂದ ಬೀಟಾ ಬೇಗ ಸತ್ತಿತ್ತು, ಬಿಯರ್ ದಪ್ಪ ಉಳಿದಿತ್ತು. 65ಕ್ಕೆ ಇಳಿಸಿದೆವು. ನಾಲ್ಕೇ ಡಿಗ್ರಿ, ಆದರೆ ಬಾಯಿಗೆ ಗೊತ್ತಾಗುವ ನಾಲ್ಕು ಡಿಗ್ರಿ.

ಜೊತೆಗೆ 250 ಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ. ಇದನ್ನು ಹೇಳಿದಾಗ ಅಕ್ಕ ಕೇಳಿದಳು, "ಸಿಹಿ ಜಾಸ್ತಿ ಅಂತೀಯ, ಮತ್ತೆ ಸಕ್ಕರೆ ಹಾಕು ಅಂತೀಯ?" ಮಂಡ್ಯದ ಆಲೆಮನೆ ಪಕ್ಕ ಬೆಳೆದವರಿಗೆ ಈ ಪ್ರಶ್ನೆ ಸಹಜ. ಆದರೆ ಡೆಕ್ಸ್‌ಟ್ರೋಸನ್ನಾಗಲಿ ಸಾದಾ ಸಕ್ಕರೆಯನ್ನಾಗಲಿ ಯೀಸ್ಟ್ ಒಂದು ಚೂರೂ ಉಳಿಸದೆ ತಿಂದುಬಿಡುತ್ತದೆ. ಸಿಹಿ ಉಳಿಯುವುದಿಲ್ಲ, ಆಲ್ಕೋಹಾಲ್ ಮಾತ್ರ ಉಳಿಯುತ್ತದೆ. ಅಷ್ಟೇ ಆಲ್ಕೋಹಾಲನ್ನು ಬರೀ ಮಾಲ್ಟಿನಿಂದ ಪಡೆದರೆ ಬಿಯರ್ ದಪ್ಪಗಾಗುತ್ತದೆ. ಸಕ್ಕರೆ ಹಾಕಿದರೆ ತೆಳ್ಳಗೆ, ಒಣಗಿದ ಹಾಗೆ ಆಗುತ್ತದೆ. ಬೆಲ್ಲವೂ ಹೆಚ್ಚುಕಡಿಮೆ ಹೀಗೇ, ಆದರೆ ತನ್ನ ಬಣ್ಣ, ವಾಸನೆ ಬಿಟ್ಟು ಹೋಗುತ್ತದೆ.

ಇದನ್ನೆಲ್ಲ ಅಳೆಯುವುದು ಹೈಡ್ರೋಮೀಟರಿನಿಂದ. ಡೈರಿಯಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರ್ ನೋಡಿದ್ದೀರಲ್ಲ, ಅದರ ಅಣ್ಣ. ದ್ರವದ ಸಾಂದ್ರತೆ ಹೇಳುತ್ತದೆ, ಸಕ್ಕರೆ ಹೆಚ್ಚಿದ್ದಷ್ಟೂ ಅಂಕಿ ದೊಡ್ಡದು. ನೀರು 1.000. ಮೊದಲ ಬಿಯರ್ ಹುದುಗುವ ಮೊದಲು 1.064 ಇತ್ತು, ಮುಗಿದಾಗ 1.020. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾ ಸಿಗುತ್ತದೆ. ಅಲ್ಲಿ 5.8. ಮೂರನೆಯದು 1.061ರಿಂದ 1.012ಕ್ಕೆ ಇಳಿಯಿತು. ಮೊದಲು ಕಡಿಮೆ ಸಕ್ಕರೆ, ಆದರೂ 6.4. ಅಮೆರಿಕನ್ ಐಪಿಎಗೆ ಕೊನೆಯ ಅಳತೆ 1.008ರಿಂದ 1.014ರ ಒಳಗಿರಬೇಕು. ಒಳಗೆ ಬಂದಿತ್ತು. ಮಾಲ್ಟ್, ಶಾಖ, ಸಕ್ಕರೆ ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಮಾತ್ರ ಹೇಳಲಾರೆ. ಇಲ್ಲಿ ನಮ್ಮ ನಿಯಮವನ್ನು ನಾವೇ ಮೀರಿದ್ದೆವು.

ಆದರೆ ಮೂರನೆಯದು ಅವನಿಗೆ ಇಷ್ಟವಾಗಲಿಲ್ಲ. ಸಿಹಿ ಹೋದ ಮೇಲೆ ಕಹಿ ಬೆತ್ತಲೆಯಾಗಿ ನಿಂತಿತ್ತು. ನನಗೆ ಸಂತೋಷವಾಯಿತು. ನಿಜವಾದ ಪ್ರಶ್ನೆ ಈಗ ಮುಂದೆ ಬಂದಿತ್ತು.

ಹಾಪ್ಸ್ ಯಾವಾಗ ಹಾಕಬೇಕು

ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಭಾಗ ಇದು.

ಹಾಪ್ಸ್ ಹೂವಿನ ಒಳಗೆ ಹಳದಿ ಪುಡಿ ಇರುತ್ತದೆ. ಅದರಲ್ಲಿ ಆಲ್ಫಾ ಆಮ್ಲಗಳೂ ಇವೆ, ಪರಿಮಳದ ಎಣ್ಣೆಗಳೂ ಇವೆ. ಆಲ್ಫಾ ಆಮ್ಲ ಹಾಗೇ ಇದ್ದರೆ ಅಷ್ಟು ಕಹಿಯಲ್ಲ, ನೀರಿನಲ್ಲಿ ಕರಗುವುದೂ ಕಷ್ಟ. ಕುದಿಯುವಾಗ ಅದರ ಅಣುವಿನ ಆಕಾರ ಬದಲಾಗಿ ಐಸೋ ಆಲ್ಫಾ ಆಮ್ಲ ಆಗುತ್ತದೆ. ಆಗ ಕರಗುತ್ತದೆ, ಕಹಿಯಾಗುತ್ತದೆ. ಅದಕ್ಕೆ ಸಮಯ ಬೇಕು. ಎಣ್ಣೆಗಳದ್ದು ಪೂರ್ತಿ ಉಲ್ಟಾ. ಅವು ಆವಿಯ ಜೊತೆ ಹಾರಿಹೋಗುತ್ತವೆ. ಅಂದರೆ ಕಹಿ ಬೇಕಾದರೆ ಬೇಯಿಸಬೇಕು, ಪರಿಮಳ ಬೇಕಾದರೆ ಬೇಯಿಸಬಾರದು. ಒಂದೇ ಹೂವಿನಿಂದ ಎರಡನ್ನೂ ಒಂದೇ ಸಲ ಪಡೆಯಲಾಗುವುದಿಲ್ಲ.

ಸಾರಿಗೆ ಕೊತ್ತಂಬರಿ ಸೊಪ್ಪು ಯಾವಾಗ ಹಾಕುತ್ತೀರಿ? ಒಲೆ ಆರಿಸಿದ ಮೇಲೆ. ಬೇಳೆ ಜೊತೆ ಹಾಕಿ ಕೂಗಿಸಿದರೆ ಸೊಪ್ಪು ಇರುತ್ತದೆ, ಘಮ ಇರುವುದಿಲ್ಲ. ಅವನು 60, 45, 30, 15, 5 ನಿಮಿಷ ಅಂತ ಐದು ಸಲ ಹಾಕಿದ್ದನಲ್ಲ, ಅದರಲ್ಲಿ ನಡುವಿನ ಮೂರು ದಂಡ. ಪರಿಮಳ ಆಗಲೇ ಹಾರಿರುತ್ತದೆ, ಕಹಿ ಮಾತ್ರ ಬೇಡದಷ್ಟು ಸೇರಿರುತ್ತದೆ.

ಕಹಿಗೆ ಐಬಿಯು ಎಂಬ ಅಳತೆ ಇದೆ. ಒಂದು ಐಬಿಯು ಅಂದರೆ ಹೆಚ್ಚುಕಡಿಮೆ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ. ಟಿನ್ಸೆತ್ ಸೂತ್ರದಲ್ಲಿ ಲೆಕ್ಕ ಹಾಕಿದೆ. ಈ ಬಿಯರಿನ ಸಾಂದ್ರತೆಗೆ 60 ನಿಮಿಷ ಕುದಿಸಿದರೆ ಆಲ್ಫಾ ಆಮ್ಲದ ಸುಮಾರು ಶೇಕಡಾ 21 ಭಾಗ ಕಹಿಯಾಗಿ ಸೇರುತ್ತದೆ, 10 ನಿಮಿಷಕ್ಕೆ ಶೇಕಡಾ 8ರ ಹತ್ತಿರ. ಶೇಕಡಾ 13 ಆಲ್ಫಾ ಆಮ್ಲ ಇರುವ 28 ಗ್ರಾಂ ಹಾಪ್ಸ್ 60 ನಿಮಿಷ ಕುದಿದರೆ 19 ಲೀಟರಿಗೆ 40 ಐಬಿಯು. ಅವನ ಹಳೆಯ ಐದು ಕಂತು ಕೂಡಿಸಿದರೆ 90 ದಾಟುತ್ತಿತ್ತು. ಅಮೆರಿಕನ್ ಐಪಿಎಗೆ 40ರಿಂದ 70 ಸಾಕು.

ನಾಲ್ಕನೆಯದಕ್ಕೆ ಹೀಗೆ ಬರೆದೆವು. 60 ನಿಮಿಷಕ್ಕೆ 28 ಗ್ರಾಂ, ಅಷ್ಟೇ. ಕುದಿ ಮುಗಿದ ಮೇಲೆ ಒಲೆ ಆರಿಸಿ, 80 ಡಿಗ್ರಿಗೆ ಇಳಿಸಿ, ಕ್ಯಾಸ್ಕೇಡ್ ಮತ್ತು ಸಿಟ್ರಾ ಎಂಬ ಇನ್ನೊಂದು ಹಾಪ್ಸ್ ತಳಿ ಸೇರಿಸಿ 85 ಗ್ರಾಂ, 25 ನಿಮಿಷ ಮುಚ್ಚಿ ಇಡುವುದು. 80ರಲ್ಲಿ ಕಹಿ ನಿಧಾನವಾಗಿ ಹುಟ್ಟುತ್ತದೆ, ಎಣ್ಣೆ ಕರಗುತ್ತದೆ, ಹಾರುವುದು ಕಡಿಮೆ. ಹುದುಗು ಮುಗಿದ ಮೇಲೆ ಇನ್ನು 130 ಗ್ರಾಂ, ಅಂದರೆ ಲೀಟರಿಗೆ 7 ಗ್ರಾಂ ಹತ್ತಿರ. ಇದನ್ನು ಡ್ರೈ ಹಾಪಿಂಗ್ ಅನ್ನುತ್ತಾರೆ. ಒಟ್ಟು ಹಾಪ್ಸ್ 168 ಗ್ರಾಂನಿಂದ 243 ಗ್ರಾಂಗೆ ಏರಿತು. ಕಹಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಡ್ರೈ ಹಾಪಿಂಗ್ ಹದಿನಾಲ್ಕು ದಿನದಿಂದ ಮೂರು ದಿನಕ್ಕೆ ಬಂತು. ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಥಾಮಸ್ ಶೆಲ್‌ಹ್ಯಾಮರ್ ಅವರ ತಂಡ ಇದರ ಮೇಲೆ ತುಂಬ ಕೆಲಸ ಮಾಡಿದೆ. ಪರಿಮಳ ಒಂದೆರಡು ದಿನದಲ್ಲೇ ಬಹುಪಾಲು ಇಳಿದುಬಿಡುತ್ತದೆ. ಕ್ಯಾಸ್ಕೇಡ್ ಮೇಲೆ ಮಾಡಿದ ಅವರ ಪ್ರಯೋಗದಲ್ಲಿ ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಹಣ್ಣಿನ ಪರಿಮಳ ಅದೇ ಲೆಕ್ಕದಲ್ಲಿ ಏರಲಿಲ್ಲ, ಸೊಪ್ಪು, ಚಹಾ ಎಲೆಯ ಗುಣ ಮೇಲೆ ಬಂತು. ಮೊದಲ ಬಿಯರಿನ ಆ ಒರಟು ಒಗರಿಗೆ ಎರಡು ವಾರ ನೆನೆದ ಹೂವಿನ ಪಾಲೂ ಇತ್ತು.

ನಾಲ್ಕನೆಯದರಲ್ಲಿ ಹೊಸ ತೊಂದರೆ ಎದುರಾಯಿತು. ಹಾಪ್ಸ್ ಹಾಕಿದ ಮೂರನೇ ದಿನ ಫೋನ್ ಮಾಡಿ, "ಬೆಣ್ಣೆ ಕಾಯಿಸಿದ ವಾಸನೆ ಬರ್ತಿದೆ" ಅಂದ. ಹೈಡ್ರೋಮೀಟರ್ 1.012 ಇದ್ದದ್ದು 1.011 ಆಗಿತ್ತು. ಮುಗಿದಿದ್ದ ಹುದುಗು ಮತ್ತೆ ಶುರುವಾಗಿತ್ತು. ಹಾಪ್ಸ್‌ನಲ್ಲೂ ಸ್ವಲ್ಪ ಕಿಣ್ವ ಇದೆ. ಅದು ಬಿಯರಿನಲ್ಲಿ ಉಳಿದಿದ್ದ ದೊಡ್ಡ ಸಕ್ಕರೆಗಳನ್ನು ಒಡೆದು ಯೀಸ್ಟ್‌ಗೆ ಮತ್ತೆ ಊಟ ಹಾಕುತ್ತದೆ. ಆಗ ಡಯಾಸಿಟೈಲ್ ಹುಟ್ಟುತ್ತದೆ, ಬೆಣ್ಣೆ ವಾಸನೆ ಅದರದ್ದು. ಅವಸರಪಟ್ಟು ತಣ್ಣಗೆ ಮಾಡಿದರೆ ಅದು ಹಾಗೇ ಉಳಿದುಬಿಡುತ್ತದೆ. ಮೂರು ದಿನ 20 ಡಿಗ್ರಿಯಲ್ಲಿ ಸುಮ್ನೆ ಬಿಡು ಅಂದೆ. ಯೀಸ್ಟ್ ಅದನ್ನು ತಿಂದು ಮುಗಿಸಿತು. ಅಳತೆ 1.010ಕ್ಕೆ ನಿಂತಿತು. ಹೀಗೆ ಮತ್ತೆ ಹುದುಗುವುದು ಬಾಟಲಿಯೊಳಗೆ ಆಗಿದ್ದರೆ ಬಾಟಲಿ ಸಿಡಿಯುವ ಅಪಾಯವೂ ಇರುತ್ತದೆ. ಎರಡು ದಿನ ಒಂದೇ ಅಳತೆ ಬಾರದೆ ಬಾಟಲಿಗೆ ತುಂಬಬಾರದು.

ಆ ಬಿಯರಿಗೆ ಅವನು ಹೇಳಿದ ಮಾತುಗಳು ನೋಟ್‌ಬುಕ್ಕಿನಲ್ಲಿ ಹಾಗೇ ಇವೆ. ಚಕ್ಕೋತದ ಸಿಪ್ಪೆ. ಬಾದಾಮಿ ಮಾವಿನ ತೊಟ್ಟು. ಒಂಚೂರು ಮಲ್ಲಿಗೆ. ಮಲ್ಲಿಗೆ ಅಂದಾಗ ಅವನು ಊರಿನ ನೆನಪಲ್ಲಿ ಹೇಳುತ್ತಿದ್ದಾನೆ ಅಂತ ಅನ್ನಿಸಲಿಲ್ಲ. ಲಿನಾಲೂಲ್ ಎಂಬ ಪರಿಮಳ ಮಲ್ಲಿಗೆಯಲ್ಲೂ ಇದೆ, ಹಾಪ್ಸ್‌ನಲ್ಲೂ ಇದೆ.

ಜಿಪ್ಸಮ್ಮಿನ ಹನಿ

ನೀರಿನ ವಿಷಯಕ್ಕೆ ಮತ್ತೆ ಬರಬೇಕು. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯದೆ ಸತಾಯಿಸುವುದು, ಕಾವೇರಿ ನೀರಿನಲ್ಲಿ ಮೆತ್ತಗೆ ಬೇಯುವುದು ಮೈಸೂರಿನ ಪ್ರತಿ ಮನೆಗೂ ಗೊತ್ತು. ಬಿಯರಿಗೂ ನೀರಿನ ಖನಿಜ ಮುಖ್ಯ. ಬರ್ಟನ್ ಊರಿನ ಪೇಲ್ ಏಲ್ ಹೆಸರು ಮಾಡಿದ್ದು ಅಲ್ಲಿನ ಬಾವಿ ನೀರಿನ ಜಿಪ್ಸಮ್‌ನಿಂದ. ಅದರ ಸಲ್ಫೇಟ್ ಕಹಿಯನ್ನು ಚುರುಕಾಗಿ, ಒಣದಾಗಿ ತೋರಿಸುತ್ತದೆ. ಕ್ಲೋರೈಡ್ ಜಾಸ್ತಿಯಾದರೆ ಬಿಯರ್ ದುಂಡಗೆ, ಮೆತ್ತಗೆ ಅನ್ನಿಸುತ್ತದೆ. ಪೋರ್ಟ್‌ಲ್ಯಾಂಡ್‌ನ ನೀರು ಬುಲ್ ರನ್ ಕಾಡಿನ ಮಳೆನೀರು, ಖನಿಜ ಬಹಳ ಕಡಿಮೆ. ಹಾಗಾಗಿ ಬೇಕಾದದ್ದನ್ನು ನಾವೇ ಸೇರಿಸಬಹುದು. ಮಂಡ್ಯದ ನಾಲೆ ಬಯಲಿನಲ್ಲಿ ಚೌಳು ಹೊಲಕ್ಕೆ ಜಿಪ್ಸಮ್ ಹಾಕುತ್ತಾರಲ್ಲ, ವಸ್ತು ಅದೇ. ಬಿಯರಿಗೆ ಮಾತ್ರ ಆಹಾರ ದರ್ಜೆಯದು ಬೇಕು.

ಎಷ್ಟು ಹಾಕಬೇಕು? ಇದಕ್ಕೆ ಇಡೀ ಬಿಯರ್ ಮತ್ತೆ ಮಾಡಬೇಕಾಗಿಲ್ಲ. 1 ಲೀಟರ್ ನೀರಿಗೆ 2 ಗ್ರಾಂ ಜಿಪ್ಸಮ್ ಕರಗಿಸಿಕೊಳ್ಳಿ. 200 ಮಿಲಿ ಬಿಯರಿಗೆ ಆ ನೀರು 20 ಮಿಲಿ ಹಾಕಿ. ಇನ್ನೊಂದು ಲೋಟಕ್ಕೆ ಬರೀ ನೀರು 20 ಮಿಲಿ. ಮೊದಲ ಲೋಟದಲ್ಲಿ ಸಲ್ಫೇಟ್ ಲೀಟರಿಗೆ 100 ಮಿಲಿಗ್ರಾಂ ಏರಿರುತ್ತದೆ. ಎರಡನ್ನೂ ಪಕ್ಕಪಕ್ಕ ಕುಡಿದರೆ ಬೇಕೋ ಬೇಡವೋ ನಾಲಿಗೆಯೇ ಹೇಳುತ್ತದೆ. ನಾಲ್ಕನೇ ಬಿಯರಿನಲ್ಲಿ ಹೀಗೆ ನೋಡಿ ಐದನೆಯದಕ್ಕೆ 28 ಲೀಟರ್ ನೀರಿಗೆ 8 ಗ್ರಾಂ ಜಿಪ್ಸಮ್, 3 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದೆವು. ಲೀಟರಿಗೆ ಸಲ್ಫೇಟ್ ಸುಮಾರು 160 ಮಿಲಿಗ್ರಾಂ, ಕ್ಲೋರೈಡ್ 50 ಮಿಲಿಗ್ರಾಂ ಬಂತು.

ಗಾಳಿ

ನಾಲ್ಕನೆಯದು ಮೊದಲ ವಾರ ಅದ್ಭುತ ಅಂದಿದ್ದ. ಮೂರನೇ ವಾರ ಫೋಟೋ ಕಳಿಸಿದಾಗ ಹೊನ್ನಿನ ಬಣ್ಣ ಕಂದಿತ್ತು. ಮಾವು ಹೋಗಿ ನೆನೆದ ರಟ್ಟು ಬಂದಿತ್ತು. ಇದು ಆಮ್ಲಜನಕದ ಕೆಲಸ. ಜಾಸ್ತಿ ಹಾಪ್ಸ್ ಇರುವ ಬಿಯರಿಗೆ ಗಾಳಿಯಷ್ಟು ದೊಡ್ಡ ಶತ್ರು ಇಲ್ಲ. ಕಾಫಿಪುಡಿ ಬೀಸಿದ ದಿನದ ಘಮ ತೆರೆದ ಡಬ್ಬಿಯಲ್ಲಿ ವಾರ ಕಳೆದರೆ ಎಲ್ಲಿರುತ್ತದೆ? ಅವನು ಪೈಪಿನಲ್ಲಿ ಬಿಯರನ್ನು ತೆರೆದ ಬಕೆಟ್ಟಿಗೆ ಇಳಿಸಿ, ಅಲ್ಲಿಂದ ಬಾಟಲಿಗೆ ತುಂಬುತ್ತಿದ್ದ.

ಐದನೆಯದರಲ್ಲಿ ರೆಸಿಪಿ ಮುಟ್ಟಲಿಲ್ಲ, ನೀರಿನ ಉಪ್ಪು ಬಿಟ್ಟು. ಅದೇ ಬಿಯರನ್ನು ಎರಡು ಪಾಲು ಮಾಡಿದೆವು. ಒಂದು ಪಾಲು ಹಳೆಯ ರೀತಿ ಬಕೆಟ್ಟಿನ ಮೂಲಕ. ಇನ್ನೊಂದು ಪಾಲನ್ನು ಮೊದಲೇ ಇಂಗಾಲದ ಡೈಆಕ್ಸೈಡ್ ತುಂಬಿ ಗಾಳಿ ಹೊರದೂಡಿದ ಕೆಗ್‌ಗೆ, ಅಂದರೆ ಮುಚ್ಚಿದ ಲೋಹದ ಪೀಪಾಯಿಗೆ, ಮುಚ್ಚಿದ ಪೈಪಿನಲ್ಲಿ. ಎರಡೂ ಒಂದೇ ಫ್ರಿಜ್ಜಿನಲ್ಲಿ ಮೂರು ವಾರ.

ಆಮೇಲೆ ತ್ರಿಕೋನ ಪರೀಕ್ಷೆ. 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇರುವ ಮೈಸೂರಿನಲ್ಲಿ ರುಚಿ ನೋಡುವ ಪ್ಯಾನೆಲ್ ಅನ್ನುವ ಮಾತು ಹೊಸದಲ್ಲ. ಮೂರು ಲೋಟ ಇಡುತ್ತಾರೆ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು. ಯಾವುದು ಚೆನ್ನ ಅಂತ ಕೇಳುವುದಿಲ್ಲ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಬ್ಬರು ಸರಿ ಹೇಳುತ್ತಾರೆ, ಹಾಗಾಗಿ ಹನ್ನೆರಡು ಜನರಲ್ಲಿ ಕನಿಷ್ಠ ಎಂಟು ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜ ಅಂತ ಒಪ್ಪುತ್ತೇವೆ. ಗೆಳೆಯರನ್ನು ಕರೆದ. ಬಣ್ಣ ಕಾಣದಿರಲಿ ಅಂತ ಕಪ್ಪು ಕಪ್‌ಗಳಲ್ಲಿ ಕೊಡಿಸಿದೆ. ಹತ್ತು ಜನ ಸರಿ ಹೇಳಿದರು. ಈ ಪರೀಕ್ಷೆ ಮಾಡದೆ ಇದ್ದಿದ್ದರೆ ಅವನು ಕೆಗ್ ಮತ್ತು ಸಿಲಿಂಡರಿನ ಖರ್ಚನ್ನು ನಂಬಿಕೆಯ ಮೇಲೆ ಮಾಡಬೇಕಾಗಿತ್ತು.

ಈಗ ನೋಟ್‌ಬುಕ್ಕಿನಲ್ಲಿ ಆರನೆಯದರ ಪುಟ ತೆರೆದಿದೆ. ಐದನೆಯದರಲ್ಲಿ ಕಹಿ ಸ್ವಲ್ಪ ಹೊತ್ತು ಜಾಸ್ತಿ ನಾಲಿಗೆ ಮೇಲೆ ನಿಲ್ಲುತ್ತದೆ ಅನ್ನುತ್ತಾನೆ. ಅದು ಸಲ್ಫೇಟಿನದೋ, 60 ನಿಮಿಷದ ಹಾಪ್ಸ್‌ನದೋ ನೋಡಬೇಕು. ಹಾಪ್ಸ್ 28ರಿಂದ 21 ಗ್ರಾಂಗೆ ಇಳಿಸುವುದು ಅಂತ ಬರೆದಿದ್ದೇವೆ. ನೀರು ಹಾಗೇ ಇರುತ್ತದೆ. ಕುದಿಸುವುದು ಬರುವ ಶನಿವಾರ.